ಮಕ್ಕಳ ಬಾಯಲ್ಲಿ ಹೆಚ್ಚು ಹಲ್ಲು, ಕಡಿಮೆ ಹಲ್ಲು: ಹೈನುಗಾರ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು



ಜಾನುವಾರು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡದೆ ನಮ್ಮಲ್ಲಿ ಯಾರೂ ಮುಂಗಡ ಕೊಡುವುದಿಲ್ಲ. ‘ಹಾಲುಹಲ್ಲು’, ‘ಎರಡು ಹಲ್ಲು’, ‘ನಾಲ್ಕು ಹಲ್ಲು’, ‘ಬಾಯಿಗೂಡಿದೆ’ ಎಂದು ನೋಡಿದ ಕೂಡಲೇ ಹೇಳಬಲ್ಲ ಅನುಭವಿಗಳು ಶಿಕಾರಿಪುರ, ಸೊರಬ ತಾಲ್ಲೂಕುಗಳ ಊರೂರಿನಲ್ಲಿದ್ದಾರೆ. ಹೋರಿ ಹಬ್ಬಕ್ಕೆ ಹೋರಿ ಸಾಕುವವರಿಗಂತೂ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮನೆಯಲ್ಲಿರುವ ಏಳು ವರ್ಷದ ಮಗುವಿನ ಬಾಯಲ್ಲಿ ಎಷ್ಟು ಹಲ್ಲುಗಳಿವೆ, ಯಾವುದು ಬಿದ್ದಿದೆ, ಯಾವುದು ಬಂದಿದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ.

ಮಗುವಿನ ಹಲ್ಲನ್ನು ಏಕೆ ಎಣಿಸಬೇಕು? ಕೆಲವು ಮಕ್ಕಳಲ್ಲಿ ಒಂದೆರಡು ಹಲ್ಲುಗಳು ಹುಟ್ಟುವುದೇ ಇಲ್ಲ. ಇನ್ನು ಕೆಲವರಲ್ಲಿ ಲೆಕ್ಕಕ್ಕಿಂತ ಹೆಚ್ಚಿಗೆ ಹುಟ್ಟುತ್ತವೆ. ಇದು ಆರರಿಂದ ಹತ್ತು ವರ್ಷದೊಳಗೆ ತಿಳಿದರೆ ಬಹಳಷ್ಟು ಸಲ ಸುಲಭವಾಗಿ ಸರಿಪಡಿಸಬಹುದು. ಹದಿನೆಂಟು ದಾಟಿ, ಮದುವೆಯ ಮಾತು ಬಂದಾಗ ತಿಳಿದರೆ ಖರ್ಚೂ ಹೆಚ್ಚು, ಮನಸ್ಸಿನ ನೋವೂ ಹೆಚ್ಚು.

ಕರುವಿಗೂ ಮಗುವಿಗೂ ಒಂದೇ ಲೆಕ್ಕ

ಕರುವಿನ ಹಾಲುಹಲ್ಲು 20. ಪೂರ್ತಿ ಬಾಯಿಗೂಡಿದ ಹಸುವಿಗೆ 32. ಮನುಷ್ಯರ ಲೆಕ್ಕವೂ ಅದೇ: ಹಾಲುಹಲ್ಲು 20, ಶಾಶ್ವತ ಹಲ್ಲು 32. ಜೋಡಣೆ ಮಾತ್ರ ಬೇರೆ. ಹಸುವಿಗೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಗಟ್ಟಿಯಾದ ವಸಡಿನ ಪಟ್ಟಿ ಇದೆ. ಮನುಷ್ಯರಿಗೆ ಮೇಲೂ ಕೆಳಗೂ ಸಮನಾಗಿ ಹದಿನಾರು ಹದಿನಾರು.

ಮಗುವಿನ ಹಲ್ಲುಗಳು ಸಾಮಾನ್ಯವಾಗಿ ಬರುವ ಕ್ರಮ ಹೀಗಿದೆ:

6ರಿಂದ 10 ತಿಂಗಳು – ಕೆಳಗಿನ ಮುಂಭಾಗದ ಮೊದಲ ಎರಡು ಹಾಲುಹಲ್ಲು.
2½ರಿಂದ 3 ವರ್ಷ – ಇಪ್ಪತ್ತು ಹಾಲುಹಲ್ಲುಗಳೂ ಪೂರ್ಣ.
6ರಿಂದ 7 ವರ್ಷ – ಹಾಲುಹಲ್ಲುಗಳ ಹಿಂದೆ ಮೊದಲ ಶಾಶ್ವತ ದವಡೆ ಹಲ್ಲು. ಕೆಳಗಿನ ಮುಂಭಾಗದ ಶಾಶ್ವತ ಹಲ್ಲು.
7ರಿಂದ 8 ವರ್ಷ – ಮೇಲಿನ ನಡುವಿನ ಎರಡು ದೊಡ್ಡ ಹಲ್ಲು.
8ರಿಂದ 9 ವರ್ಷ – ಮೇಲೆ ಅವುಗಳ ಎರಡೂ ಪಕ್ಕದ ಹಲ್ಲು.
9ರಿಂದ 12 ವರ್ಷ – ಕೋರೆಹಲ್ಲು ಮತ್ತು ಅವುಗಳ ಹಿಂದಿನ ಸಣ್ಣ ದವಡೆ ಹಲ್ಲುಗಳು.
12ರಿಂದ 13 ವರ್ಷ – ಎರಡನೆಯ ದೊಡ್ಡ ದವಡೆ ಹಲ್ಲು.
17 ವರ್ಷದ ನಂತರ – ಕೊನೆಯ ದವಡೆ ಹಲ್ಲು. ಇದು ಎಷ್ಟೋ ಜನರಿಗೆ ಬರುವುದೇ ಇಲ್ಲ, ಬಾರದಿದ್ದರೆ ಚಿಂತೆಯಿಲ್ಲ.

ಆರು ತಿಂಗಳು ಹಿಂದೆ ಮುಂದೆ ಆಗುವುದು ಸಹಜ. ಒಂದು ಬದಿಯ ಹಲ್ಲು ಬಂದು ಆರು ತಿಂಗಳು ಕಳೆದರೂ ಅದರ ಜೋಡಿ ಇನ್ನೊಂದು ಬದಿಯಲ್ಲಿ ಬಾರದಿದ್ದರೆ ಮಾತ್ರ ಗಮನ ಕೊಡಬೇಕು.

ಹಲ್ಲಿನ ಮೊಳಕೆ ಗರ್ಭದಲ್ಲೇ

ಮಗು ತಾಯಿಯ ಗರ್ಭದಲ್ಲಿ ಆರು ವಾರದ್ದಿರುವಾಗಲೇ ವಸಡಿನಲ್ಲಿ ಹಲ್ಲಿನ ಮೊಳಕೆಗಳಿಗೆ ಸಿದ್ಧತೆ ನಡೆದಿರುತ್ತದೆ. ಮೊದಲು ಹಾಲುಹಲ್ಲಿನ ಮೊಳಕೆಗಳು, ಅವುಗಳ ಬೆನ್ನಿಗೆ ಶಾಶ್ವತ ಹಲ್ಲಿನ ಮೊಳಕೆಗಳು ಮೂಡುತ್ತವೆ. ಮೆಕ್ಕೆಜೋಳದ ಸಾಲಿನಲ್ಲಿ ಒಂದು ಗುಣಿ ಖಾಲಿ ಹೋಗುವುದನ್ನು, ಇನ್ನೊಂದರಲ್ಲಿ ಎರಡು ಸಸಿ ಏಳುವುದನ್ನು ನಾವು ಕಂಡಿದ್ದೇವೆ. ಹಲ್ಲಿನ ಸಾಲಿನಲ್ಲೂ ಹೀಗೆಯೇ ಆಗುತ್ತದೆ. ಮೊಳಕೆಯೇ ಮೂಡದಿದ್ದರೆ ಆ ಹಲ್ಲು ಎಂದೂ ಬರುವುದಿಲ್ಲ. ಹೆಚ್ಚಿಗೆ ಒಂದು ಮೊಳಕೆ ಮೂಡಿದರೆ ಹೆಚ್ಚುವರಿ ಹಲ್ಲು ಹುಟ್ಟುತ್ತದೆ.

ಇದಕ್ಕೆ ಮುಖ್ಯ ಕಾರಣ ವಂಶವಾಹಿಗಳು. ಎಂಎಸ್‌ಎಕ್ಸ್–1, ಪ್ಯಾಕ್ಸ್–9, ಡಬ್ಲ್ಯುಎನ್‌ಟಿ–10ಎ ಮುಂತಾದ ವಂಶವಾಹಿಗಳಲ್ಲಿ ವ್ಯತ್ಯಾಸವಿದ್ದರೆ ಹಲ್ಲುಗಳು ಹುಟ್ಟದೆ ಹೋಗುತ್ತವೆ ಎಂದು ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ತಂದೆಗೋ ತಾಯಿಗೋ ಒಂದು ಹಲ್ಲು ಇಲ್ಲದಿದ್ದರೆ, ಅಥವಾ ಮೇಲಿನ ಪಕ್ಕದ ಹಲ್ಲು ಗೂಟದಂತೆ ಚೂಪಾಗಿ ಸಣ್ಣದಾಗಿದ್ದರೆ, ಮಕ್ಕಳಲ್ಲೂ ಹಾಗಾಗುವ ಸಂಭವ ಹೆಚ್ಚು. ಸೀಳು ತುಟಿ, ಸೀಳು ಅಂಗುಳ, ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿಯೂ ಹಲ್ಲಿನ ಸಂಖ್ಯೆಯ ವ್ಯತ್ಯಾಸ ಹೆಚ್ಚಾಗಿ ಕಂಡುಬರುತ್ತದೆ.

ಹಾಲು ಒಕ್ಕೂಟದ ಪತ್ರಿಕೆಯಲ್ಲಿ ಒಂದು ಮಾತನ್ನು ಬಿಚ್ಚಿ ಹೇಳುವುದು ಒಳ್ಳೆಯದು. ‘ಮಗು ಹಾಲು ಕುಡಿಯುವುದಿಲ್ಲ, ಅದಕ್ಕೇ ಹಲ್ಲು ಬಂದಿಲ್ಲ’ ಎಂದು ಕೆಲವರು ಹೇಳುತ್ತಾರೆ. ಹಾಲಿನ ಸುಣ್ಣದಂಶ ಇರುವ ಹಲ್ಲನ್ನು, ಮೂಳೆಯನ್ನು ಗಟ್ಟಿ ಮಾಡಲು ಬೇಕು. ಆದರೆ ಮೊಳಕೆಯೇ ಇಲ್ಲದ ಕಡೆ ಎಷ್ಟು ಹಾಲು ಕುಡಿಸಿದರೂ, ಯಾವ ಟಾನಿಕ್ ಕೊಟ್ಟರೂ ಹಲ್ಲು ಬರುವುದಿಲ್ಲ. ಬೀಜ ಬೀಳದ ಗುಣಿಗೆ ಗೊಬ್ಬರ ಹಾಕಿದ ಹಾಗೆ ಅದು. ಬಾಣಂತಿಯೋ ಬಸುರಿಯೋ ಏನೋ ತಿಂದದ್ದರಿಂದ, ಗ್ರಹಣ ನೋಡಿದ್ದರಿಂದ ಹೀಗಾಯಿತು ಎಂಬ ಮಾತಿಗೂ ಆಧಾರವಿಲ್ಲ.

ಕಡಿಮೆ ಹಲ್ಲು

ಕೊನೆಯ ದವಡೆ ಹಲ್ಲುಗಳನ್ನು ಬಿಟ್ಟು ಲೆಕ್ಕ ಹಾಕಿದರೆ, ಲೋಕದಲ್ಲಿ ನೂರು ಜನರಲ್ಲಿ ಸುಮಾರು ಆರು ಜನರಿಗೆ ಒಂದಾದರೂ ಶಾಶ್ವತ ಹಲ್ಲು ಹುಟ್ಟುವುದಿಲ್ಲ. ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಲ್ಲಿ ಇದು ತುಸು ಹೆಚ್ಚು. ಬಹುಪಾಲು ಜನರಲ್ಲಿ ಇಲ್ಲದಿರುವುದು ಒಂದು ಅಥವಾ ಎರಡು ಹಲ್ಲು ಮಾತ್ರ. ಹಾಲುಹಲ್ಲುಗಳಲ್ಲಿ ಹೀಗಾಗುವುದು ವಿರಳ.

ಹೆಚ್ಚಾಗಿ ಬಾರದಿರುವ ಹಲ್ಲುಗಳು ಎರಡು. ಒಂದು, ಕೆಳದವಡೆಯಲ್ಲಿ ಕೋರೆಹಲ್ಲಿನ ಹಿಂದೆ ಬರುವ ಎರಡು ಸಣ್ಣ ದವಡೆ ಹಲ್ಲುಗಳಲ್ಲಿ ಹಿಂದಿನದು. ಎರಡು, ಮೇಲಿನ ಸಾಲಿನಲ್ಲಿ ನಡುವಿನ ದೊಡ್ಡ ಹಲ್ಲಿನ ಪಕ್ಕದ್ದು.

ಮೊದಲನೆಯದರಲ್ಲಿ ಪಾಲಕರು ತಿಳಿಯದೆ ಒಂದು ನಷ್ಟ ಮಾಡಿಕೊಳ್ಳುತ್ತಾರೆ. ಹನ್ನೆರಡು ದಾಟಿದರೂ ಹಾಲಿನ ದವಡೆ ಹಲ್ಲು ಬೀಳದಿದ್ದರೆ ‘ಹೊಸದು ಬರಲು ಇದು ಅಡ್ಡವಾಗಿದೆ’ ಎಂದು ಕೀಳಿಸಿಬಿಡುತ್ತಾರೆ. ಆಮೇಲೆ ನೋಡಿದರೆ ಕೆಳಗೆ ಹೊಸ ಹಲ್ಲೇ ಇಲ್ಲ. ಇದ್ದ ಹಲ್ಲೂ ಹೋಯಿತು, ಬರಬೇಕಾದದ್ದೂ ಇಲ್ಲ! ಕೆಳಗೆ ಹಲ್ಲಿಲ್ಲವೆಂದು ತಿಳಿದಾಗ ಆ ಹಾಲುಹಲ್ಲನ್ನೇ ಹುಳುಕಾಗದಂತೆ ಕಾಪಾಡಿಕೊಂಡರೆ ಅದು ಎಷ್ಟೋ ವರ್ಷ ಅಗಿಯಲು ಬರುತ್ತದೆ. ಇಪ್ಪತ್ತು ವರ್ಷದವರೆಗೆ ಗಟ್ಟಿಯಾಗಿ ನಿಂತ ಹಾಲುಹಲ್ಲು ಮುಂದೆಯೂ ಬಹುಕಾಲ ಬಾಳಿರುವುದನ್ನು ವೈದ್ಯರು ಕಂಡಿದ್ದಾರೆ. ಆದ್ದರಿಂದ ಬೀಳಬೇಕಾದ ಕಾಲ ಮೀರಿದ ಹಾಲುಹಲ್ಲನ್ನು ಎಕ್ಸ್‌ರೇ ತೆಗೆಸದೆ ಕೀಳಿಸಬೇಡಿ. ಕೆಲವು ಮಕ್ಕಳಲ್ಲಿ ಈ ಹಲ್ಲಿನ ಗುರುತು ಎಕ್ಸ್‌ರೇಯಲ್ಲಿ ಎಂಟು–ಒಂಬತ್ತು ವರ್ಷಕ್ಕೆ ಕಾಣುವುದೂ ಉಂಟು. ಚಿಕ್ಕ ವಯಸ್ಸಿನ ಒಂದೇ ಚಿತ್ರ ನೋಡಿ ‘ಇಲ್ಲ’ ಎಂದು ತೀರ್ಮಾನಿಸಲಾಗದು.

ಮೇಲಿನ ಪಕ್ಕದ ಹಲ್ಲು ಇಲ್ಲದಿದ್ದರೆ ನಕ್ಕಾಗ ಸಂದು ಕಾಣುತ್ತದೆ. ಬೆಳೆಯುವ ವಯಸ್ಸಿನಲ್ಲೇ ತಂತಿ ಹಾಕಿ ಕೋರೆಹಲ್ಲನ್ನು ಮುಂದೆ ತಂದು ಸಂದು ಮುಚ್ಚಬಹುದು. ಇಲ್ಲವೇ ಜಾಗ ಉಳಿಸಿಕೊಂಡು ಮುಂದೆ ಕೃತಕ ಹಲ್ಲು ಕೂರಿಸಬಹುದು. ದವಡೆಯೊಳಗೆ ತಿರುಪು ಕೂರಿಸಿ ಕಟ್ಟುವ ಹಲ್ಲನ್ನು ಮಾತ್ರ ದವಡೆಯ ಬೆಳವಣಿಗೆ ಮುಗಿದ ಮೇಲೆಯೇ ಹಾಕಬೇಕು.

ಹೆಚ್ಚು ಹಲ್ಲು

ಶಾಶ್ವತ ಹಲ್ಲುಗಳ ಕಾಲದಲ್ಲಿ ನೂರು ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಹೆಚ್ಚುವರಿ ಹಲ್ಲು ಇರುತ್ತದೆ. ಹುಡುಗಿಯರಿಗಿಂತ ಹುಡುಗರಲ್ಲಿ ಸುಮಾರು ಎರಡರಷ್ಟು. ಹಸುವಿನ ಕೆಚ್ಚಲಿನಲ್ಲಿ ನಾಲ್ಕು ಮೊಲೆಗಳ ಜೊತೆ ಐದನೆಯದೊಂದು ಸಣ್ಣ ಮೊಲೆ ಕಂಡಾಗ ಕರುವಿನಲ್ಲೇ ಅದನ್ನು ವೈದ್ಯರಿಂದ ತೆಗೆಸುತ್ತೇವಲ್ಲವೆ? ಅದರಂತೆಯೇ ಇದು.

ಹೆಚ್ಚುವರಿ ಹಲ್ಲುಗಳಲ್ಲಿ ಅತಿ ಸಾಮಾನ್ಯವಾದದ್ದು ಮೇಲಿನ ನಡುವಿನ ಎರಡು ಹಲ್ಲುಗಳ ಮಧ್ಯೆ ಹುಟ್ಟುವುದು. ವೈದ್ಯರು ಇದನ್ನು ‘ಮೀಸಿಯೋಡೆನ್ಸ್’ ಎನ್ನುತ್ತಾರೆ. ಸಣ್ಣದಾಗಿ, ಮೊಳೆಯಂತೆ ಚೂಪಾಗಿರುತ್ತದೆ. ಇದು ಹೊರಗೆ ಬಂದರೆ ಯಾರಿಗಾದರೂ ಕಾಣುತ್ತದೆ. ಆದರೆ ನಾಲ್ಕರಲ್ಲಿ ಸುಮಾರು ಮೂರು ಮೂಳೆಯೊಳಗೇ ಉಳಿಯುತ್ತವೆ. ಕೆಲವು ತಲೆಕೆಳಗಾಗಿಯೂ ಇರುತ್ತವೆ. ಒಳಗೆ ಅಡಗಿದ ಹಲ್ಲು ಮುಂದಿನ ದೊಡ್ಡ ಹಲ್ಲನ್ನು ತಡೆಯಬಹುದು, ತಿರುಚಬಹುದು, ಎರಡರ ನಡುವೆ ಸಂದು ಮಾಡಬಹುದು. ಅಪರೂಪಕ್ಕೆ ಅದರ ಸುತ್ತ ನೀರುಗುಳ್ಳೆಯೂ ಕಟ್ಟಬಹುದು.

ಮನೆಯಲ್ಲಿ ಗುರುತಿಸುವುದು ಹೇಗೆ? ಮೇಲಿನ ನಡುವಿನ ದೊಡ್ಡ ಹಲ್ಲುಗಳಲ್ಲಿ ಒಂದು ಬಂದು ಆರು ತಿಂಗಳಾದರೂ ಇನ್ನೊಂದು ಬಾರದಿರುವುದು, ಅಥವಾ ನಡುವಿನ ಹಲ್ಲಿಗಿಂತ ಮೊದಲು ಪಕ್ಕದ ಹಲ್ಲು ಬರುವುದು – ಇವೆರಡೂ ಎಚ್ಚರಿಕೆಯ ಗುರುತುಗಳು. ಅಡ್ಡ ನಿಂತ ಹಲ್ಲನ್ನು ಸಕಾಲದಲ್ಲಿ ತೆಗೆದರೆ ಸಿಕ್ಕಿಕೊಂಡಿದ್ದ ಹಲ್ಲು ಎಷ್ಟೋ ಸಲ ತಾನೇ ಇಳಿದು ಬರುತ್ತದೆ. ವರ್ಷಗಟ್ಟಲೆ ಬಿಟ್ಟರೆ ಅದನ್ನು ತಂತಿ ಕಟ್ಟಿ ಎಳೆದು ತರಬೇಕಾಗುತ್ತದೆ. ಯಾವ ತೊಂದರೆಯನ್ನೂ ಕೊಡದ ಹೆಚ್ಚುವರಿ ಹಲ್ಲನ್ನು ತೆಗೆಯದೆ, ಆಗಾಗ ಪರೀಕ್ಷಿಸುತ್ತ ಇಡುವುದೂ ಉಂಟು. ಅದನ್ನು ವೈದ್ಯರು ನಿರ್ಧರಿಸಬೇಕು.

ದವಡೆಯಲ್ಲಿ ನೋವಿಲ್ಲದ ಊತ ನಿಧಾನವಾಗಿ ಬೆಳೆಯುತ್ತಿದ್ದರೂ ಅಲಕ್ಷಿಸಬೇಡಿ. 2014ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ 17 ವರ್ಷದ ಹುಡುಗನ ದವಡೆಯ ಗಡ್ಡೆಯಿಂದ ಹಲ್ಲಿನಂಥ 232 ಚೂರುಗಳನ್ನು ತೆಗೆದರು. 2019ರಲ್ಲಿ ಚೆನ್ನೈನ ಸವೀತಾ ದಂತ ಕಾಲೇಜಿನಲ್ಲಿ ಏಳು ವರ್ಷದ ಬಾಲಕನ ಕೆಳದವಡೆಯಿಂದ ತೆಗೆದ ಒಂದೇ ಚೀಲದಲ್ಲಿ 526 ಸಣ್ಣ ಹಲ್ಲುಗಳಿದ್ದವು. ಇದು ‘ಓಡಾಂಟೋಮ’ ಎಂಬ ಗಡ್ಡೆ. ಇದು ಕ್ಯಾನ್ಸರ್ ಅಲ್ಲ, ತೆಗೆದರೆ ಗುಣವಾಗುತ್ತದೆ. ಇಷ್ಟು ಸಂಖ್ಯೆ ಅತಿ ಅಪರೂಪ. ಆದರೂ ಊತವನ್ನು ‘ತಾನೇ ಇಳಿಯುತ್ತದೆ’ ಎಂದು ಬಿಡಬಾರದು.

ಎರಡು ಸಾಲು ಕಂಡರೆಲ್ಲ ಹೆಚ್ಚುವರಿ ಹಲ್ಲಲ್ಲ

ಆರು–ಏಳು ವರ್ಷದ ಮಗುವಿನ ಕೆಳಗಿನ ಮುಂಭಾಗದಲ್ಲಿ ಹಾಲುಹಲ್ಲಿನ ಹಿಂದೆ ಹೊಸ ಹಲ್ಲು ಮೂಡಿ ಎರಡು ಸಾಲಾಗಿ ಕಾಣುವುದು ಬಹಳ ಸಾಮಾನ್ಯ. ಇದು ಹೆಚ್ಚುವರಿ ಹಲ್ಲಲ್ಲ. ಹಾಲುಹಲ್ಲು ಬೀಳಲು ತಡ ಮಾಡಿದೆ, ಅಷ್ಟೇ. ಹಾಲುಹಲ್ಲು ಅಲುಗಾಡುತ್ತಿದ್ದರೆ ಕೆಲವು ವಾರ ಕಾಯಬಹುದು. ಅದು ಬಿದ್ದ ಮೇಲೆ ನಾಲಗೆಯ ಒತ್ತಡಕ್ಕೆ ಹೊಸ ಹಲ್ಲು ಮುಂದೆ ಸರಿಯುತ್ತದೆ. ಎರಡು ಮೂರು ತಿಂಗಳಾದರೂ ಅಲುಗಾಡದಿದ್ದರೆ ದಂತ ವೈದ್ಯರಲ್ಲಿ ತೋರಿಸಿ.

ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆ ಎಸೆಯುವ ರೂಢಿ ನಮ್ಮ ಮನೆಗಳಲ್ಲಿದೆ. ಎಸೆಯಲಿ, ಮಕ್ಕಳಿಗೆ ಅದೊಂದು ಸಂತೋಷ. ಆದರೆ ಎಸೆಯುವ ಮುನ್ನ ಯಾವ ಹಲ್ಲು, ಯಾವ ತಿಂಗಳು ಎಂದು ಶಾಲೆಯ ಹಳೆಯ ನೋಟ್‌ಪುಸ್ತಕದಲ್ಲಿ ಬರೆದಿಡಿ. ಹಸುವಿಗೆ ಗರ್ಭಧಾರಣೆ ಮಾಡಿಸಿದ ದಿನ ಬರೆದಿಡುವವರಿಗೆ ಇದು ಕಷ್ಟವಲ್ಲ.

ಹುಟ್ಟುವಾಗಲೇ ಹಲ್ಲು

ಎರಡು ಮೂರು ಸಾವಿರ ಶಿಶುಗಳಲ್ಲಿ ಒಂದಕ್ಕೆ ಹುಟ್ಟುವಾಗಲೇ ಬಾಯಲ್ಲಿ ಹಲ್ಲಿರುತ್ತದೆ. ಇದು ಅಪಶಕುನ ಎಂದೂ, ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಆಗದು ಎಂದೂ ಹಳಬರು ಹೇಳುತ್ತಾರೆ. ಮಾವನ ಆಯುಷ್ಯಕ್ಕೂ ಮಗುವಿನ ಹಲ್ಲಿಗೂ ಯಾವ ಸಂಬಂಧವೂ ಇಲ್ಲ. ಇಂಥ ಹಲ್ಲುಗಳಲ್ಲಿ ಹತ್ತಕ್ಕೆ ಒಂಬತ್ತು ಹೆಚ್ಚುವರಿ ಹಲ್ಲುಗಳೇ ಅಲ್ಲ, ಮುಂಚೆ ಬಂದ ನಿಜವಾದ ಹಾಲುಹಲ್ಲುಗಳು. ಕಿತ್ತರೆ ಆ ಜಾಗದಲ್ಲಿ ಮತ್ತೆ ಹಾಲುಹಲ್ಲು ಬರುವುದಿಲ್ಲ.

ಆದ್ದರಿಂದ ದಾರ ಕಟ್ಟಿ, ಉಗುರಿನಿಂದ ಒತ್ತಿ ಮನೆಯಲ್ಲಿ ಕೀಳಬಾರದು. ಹುಟ್ಟಿದ ಹೊಸತರಲ್ಲಿ ಶಿಶುವಿನ ರಕ್ತ ಹೆಪ್ಪುಗಟ್ಟುವ ಶಕ್ತಿ ಕಡಿಮೆಯಿರುವುದರಿಂದ ರಕ್ತಸ್ರಾವದ ಅಪಾಯವಿದೆ. ಹಲ್ಲು ತೀರ ಸಡಿಲವಾಗಿ ಉಸಿರುನಾಳಕ್ಕೆ ಜಾರುವಂತಿದ್ದರೆ, ನಾಲಗೆಯ ಕೆಳಗೆ ಹುಣ್ಣಾಗಿದ್ದರೆ, ಮಗು ಮೊಲೆ ಹಿಡಿಯದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ಹಲ್ಲೂ ಇಲ್ಲ, ಬೆವರೂ ಇಲ್ಲ

ಒಂದೆರಡು ಹಲ್ಲು ಇಲ್ಲದಿರುವುದು ಆರೋಗ್ಯಕ್ಕೆ ಅಪಾಯವಲ್ಲ. ಆದರೆ ಗಂಡುಮಗುವಿಗೆ ಹಲ್ಲು ತೀರ ಕಡಿಮೆ, ಇದ್ದ ಹಲ್ಲು ಗೂಟದಂತೆ ಚೂಪು, ತಲೆಗೂದಲು ವಿರಳ, ಚರ್ಮ ಒಣಕಲು, ಬಿಸಿಲಿಗೆ ಬೆವರದೆ ಮತ್ತೆ ಮತ್ತೆ ಜ್ವರ – ಈ ಲಕ್ಷಣಗಳು ಒಟ್ಟಿಗೆ ಕಂಡರೆ ತಡಮಾಡಬಾರದು. ಇದು ‘ಎಕ್ಟೋಡರ್ಮಲ್ ಡಿಸ್‌ಪ್ಲೇಸಿಯ’ ಎಂಬ ವಂಶಪಾರಂಪರ್ಯ ತೊಂದರೆ ಇರಬಹುದು. ಬೆವರು ಬಾರದ ಮಗುವಿನ ಮೈ ಬೇಸಿಗೆಯಲ್ಲಿ ಅಪಾಯದ ಮಟ್ಟಕ್ಕೆ ಕಾಯುತ್ತದೆ. ಎಳೆಯ ಮಕ್ಕಳಿಗೆ ಇದರಿಂದ ಪ್ರಾಣಾಪಾಯವೂ ಉಂಟು. ಕಾರಣ ತಿಳಿದಿದ್ದರೆ ನೆರಳು, ಒದ್ದೆ ಬಟ್ಟೆ, ತಂಪು ನೀರಿನಿಂದ ಮಗುವನ್ನು ಕಾಪಾಡಬಹುದು. ಮೂರು ನಾಲ್ಕು ವರ್ಷದ ಮಗುವಿಗೂ ಹಲ್ಲಿನ ಸೆಟ್ ಮಾಡಿಕೊಡಲು ಸಾಧ್ಯ, ಬೆಳೆದಂತೆ ಬದಲಾಯಿಸುತ್ತಿರಬೇಕು.

ಇದನ್ನು ಬಹಳ ಹಿಂದೆಯೇ ಬರೆದಿಟ್ಟವರಲ್ಲಿ ಚಾರ್ಲ್ಸ್ ಡಾರ್ವಿನ್ ಒಬ್ಬರು. ಸಿಂಧ್ ಪ್ರಾಂತದ ಒಂದು ಹಿಂದೂ ಕುಟುಂಬದಲ್ಲಿ ನಾಲ್ಕು ತಲೆಮಾರುಗಳಲ್ಲಿ ಹತ್ತು ಗಂಡಸರಿಗೆ ಮುಂಭಾಗದಲ್ಲಿ ನಾಲ್ಕು ಸಣ್ಣ ಹಲ್ಲು, ಹಿಂದೆ ಎಂಟು ದವಡೆ ಹಲ್ಲು ಮಾತ್ರ ಇದ್ದುದನ್ನು ಅವರು 19ನೇ ಶತಮಾನದಲ್ಲಿ ದಾಖಲಿಸಿದ್ದಾರೆ. ಆ ಮನೆಯ ಹೆಣ್ಣುಮಕ್ಕಳಿಗೆ ತೊಂದರೆ ಕಾಣಲಿಲ್ಲ, ಆದರೆ ಅವರ ಗಂಡುಮಕ್ಕಳಲ್ಲಿ ಮತ್ತೆ ಕಾಣಿಸಿತು. ಇದಕ್ಕೆ ಕಾರಣವಾದ ವಂಶವಾಹಿಯನ್ನು 1996ರಲ್ಲಿ ಗುರುತಿಸಲಾಯಿತು. 2001ರಲ್ಲಿ ಜರ್ಮನಿಯ ವಿಜ್ಞಾನಿಗಳು ಕೂದಲು ವಿರಳವಾಗಿ, ಹಲ್ಲು ಕಡಿಮೆಯಿದ್ದ ಹಾಲ್‌ಸ್ಟೀನ್ ಕರುಗಳಲ್ಲಿ ಅದೇ ವಂಶವಾಹಿಯ ದೋಷ ಕಂಡುಹಿಡಿದರು. ನಮ್ಮ ಕೊಟ್ಟಿಗೆಯ ಎಚ್.ಎಫ್. ಹಸುವಿನ ಕುಲವೂ ಇದೇ. ಕರುವಿಗೂ ಬರುವ ಈ ದೋಷವನ್ನು ಶಾಪ ಎನ್ನುವುದು ಹೇಗೆ?

ಯಾರ ತಪ್ಪೂ ಅಲ್ಲ

ಹಲ್ಲಿನ ಸಂದಿರುವ ಹುಡುಗಿಯನ್ನು ನೋಡಲು ಬಂದವರು ಕಾಫಿ ಕುಡಿದು ಎದ್ದು ಹೋಗುವುದು, ಸೊಸೆಯ ಕಡೆಯಿಂದ ಬಂದ ದೋಷವೆಂದು ಮೂದಲಿಸುವುದು ನಮ್ಮ ನಡುವೆ ಇಲ್ಲದ್ದೇನಲ್ಲ. ಬಾಯಿ ಮುಚ್ಚಿಕೊಂಡು ನಗುವುದನ್ನು ರೂಢಿಮಾಡಿಕೊಂಡ ಹುಡುಗಿಯರು, ಶಾಲೆಯಲ್ಲಿ ಅಡ್ಡಹೆಸರು ಹೊತ್ತ ಹುಡುಗರು ಇದ್ದಾರೆ. ವಂಶವಾಹಿ ತಂದೆಯಿಂದಲೂ ಬರುತ್ತದೆ, ತಾಯಿಯಿಂದಲೂ ಬರುತ್ತದೆ, ಕೆಲವೊಮ್ಮೆ ಮಗುವಿನಲ್ಲೇ ಹೊಸದಾಗಿಯೂ ಬದಲಾಗುತ್ತದೆ. ಯಾರೂ ಬೇಕೆಂದು ಕೊಟ್ಟದ್ದಲ್ಲ. ಹಲವು ಹಲ್ಲುಗಳು ಇಲ್ಲದಿರುವುದು ಮನೆತನದಲ್ಲಿ ನಡೆದುಬಂದಿದ್ದರೆ, ಹತ್ತಿರದ ರಕ್ತಸಂಬಂಧದಲ್ಲಿ ಮದುವೆ ಮಾಡುವ ಮುನ್ನ ವೈದ್ಯರ ಸಲಹೆ ಪಡೆಯುವುದು ಒಳ್ಳೆಯದು.

ಎಲ್ಲಿ ತೋರಿಸಬೇಕು?

ಮೊದಲು ನಿಮ್ಮ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಯ ದಂತ ವೈದ್ಯರನ್ನು ಕಾಣಬಹುದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕೆಂಬ ವ್ಯವಸ್ಥೆಯಿದೆ. ಅವರು ನೋಡುವ ತೊಂದರೆಗಳಲ್ಲಿ ಹಲ್ಲಿನದೂ ಸೇರಿದೆ. ತಂಡ ಬರುವ ದಿನ ಮಗುವನ್ನು ತಪ್ಪದೆ ಕಳಿಸಿ, ನಿಮ್ಮ ಅನುಮಾನವನ್ನು ಶಿಕ್ಷಕರ ಮೂಲಕ ತಿಳಿಸಿ. ಇಡೀ ದವಡೆಯನ್ನು ಒಂದೇ ಚಿತ್ರದಲ್ಲಿ ತೋರಿಸುವ ‘ಓಪಿಜಿ’ ಎಕ್ಸ್‌ರೇ, ತಂತಿ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಬೇಕಾದರೆ ಶಿವಮೊಗ್ಗದ ಶರಾವತಿ ದಂತ ಕಾಲೇಜು, ದಾವಣಗೆರೆಯ ಬಾಪೂಜಿ ದಂತ ಕಾಲೇಜು ಮುಂತಾದ ಕಡೆ ಮಕ್ಕಳ ದಂತ ತಜ್ಞರಿದ್ದಾರೆ. ಆನವಟ್ಟಿ, ಚಂದ್ರಗುತ್ತಿ ಕಡೆಯಿಂದ ಹೋಗಿಬರುವುದೆಂದರೆ ಒಂದು ದಿನದ ಕೆಲಸ ಕೆಡುತ್ತದೆ, ನಿಜ. ಶಾಲೆಯ ರಜೆಯಲ್ಲಿ, ಹಿಂದಿನ ಎಕ್ಸ್‌ರೇ ಮತ್ತು ಹಲ್ಲು ಬಿದ್ದ ತಿಂಗಳುಗಳ ಪಟ್ಟಿಯೊಂದಿಗೆ ಹೋದರೆ ಓಡಾಟ ಕಡಿಮೆಯಾಗುತ್ತದೆ.

ಇಲ್ಲದ ಹಲ್ಲನ್ನು ಔಷಧಿಯಿಂದ ಬೆಳೆಸುವ ಪ್ರಯತ್ನವೂ ನಡೆದಿದೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 2024ರಲ್ಲಿ ವಯಸ್ಕ ಗಂಡಸರ ಮೇಲೆ ಮೊದಲ ಪರೀಕ್ಷೆ ಆರಂಭವಾಯಿತು. ಅದು ಇನ್ನೂ ಸಂಶೋಧನೆಯ ಹಂತದ್ದು. ‘ಹೊಸ ಹಲ್ಲು ಬರಿಸುತ್ತೇವೆ’ ಎಂದು ಪುಡಿ, ಎಣ್ಣೆ ಮಾರುವವರ ಮಾತಿಗೆ ಹಣ ಕಳೆದುಕೊಳ್ಳಬೇಡಿ.

ಪಾಲಕರು ನೆನಪಿಡಬೇಕಾದ ಆರು ಅಂಶಗಳು

1. ಮೂರು ವರ್ಷಕ್ಕೆ ಒಮ್ಮೆ ಎಣಿಸಿ: ಮೇಲೆ 10, ಕೆಳಗೆ 10 ಇರಬೇಕು.
2. ಏಳು ವರ್ಷದಿಂದ ಹನ್ನೆರಡರವರೆಗೆ ವರ್ಷಕ್ಕೆರಡು ಸಲ ಬೆಳಕಿಗೆ ಬಾಯಿ ತೆರೆಸಿ ನೋಡಿ. ಎಡ ಬಲ ಸಮನಾಗಿವೆಯೇ ಗಮನಿಸಿ.
3. ಒಂದು ಬದಿಯದು ಬಂದು ಆರು ತಿಂಗಳಾದರೂ ಜೋಡಿ ಬಾರದಿದ್ದರೆ ದಂತ ವೈದ್ಯರಲ್ಲಿ ತೋರಿಸಿ.
4. ಕಾಲ ಮೀರಿದರೂ ಬೀಳದ ಹಾಲುಹಲ್ಲನ್ನು ಎಕ್ಸ್‌ರೇ ಇಲ್ಲದೆ ಕೀಳಿಸಬೇಡಿ.
5. ಒಂದು ಮಗುವಿನಲ್ಲಿ ಕಂಡರೆ ಅದರ ಅಣ್ಣ ತಮ್ಮ, ಅಕ್ಕ ತಂಗಿಯರ ಹಲ್ಲನ್ನೂ ಪರೀಕ್ಷಿಸಿ.
6. ಹಲ್ಲು ಕಡಿಮೆ ಇರುವ ಮಗುವಿಗೆ ಇರುವ ಒಂದೊಂದು ಹಲ್ಲೂ ಮುಖ್ಯ. ಬೆಳಿಗ್ಗೆ, ರಾತ್ರಿ ಹಲ್ಲುಜ್ಜಿಸಿ. ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬೇಡಿ.

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದ ಮೇಲೆ ಮಗು ಶಾಲೆಗೆ ಹೊರಡುವ ಮುನ್ನ ಐದು ನಿಮಿಷ ಸಾಕು. ಅಂಗಳದ ಬೆಳಕಿನಲ್ಲಿ ನಿಲ್ಲಿಸಿ ಹಲ್ಲು ಎಣಿಸಿ. ಲೆಕ್ಕ ಸರಿಯಿದ್ದರೆ ಸಂತೋಷ. ತಪ್ಪಿದ್ದರೆ ಹೆದರದೆ, ಯಾರನ್ನೂ ದೂರದೆ, ಮಗುವನ್ನು ವೈದ್ಯರಲ್ಲಿಗೆ ಕರೆದೊಯ್ಯಿರಿ.